ಆಮೆಯಕ್ಕನ ಪರದೆ

ಆಸ್ಪತ್ರೆಯಲ್ಲಿ ನಡಿಗೆ ಪರೀಕ್ಷಿಸುವ ಕೋಣೆಯವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಅವಳು ಆಮೆಯಕ್ಕ. ಪಾಪ, ಅವಳೇನೂ ನಿಧಾನಸ್ಥೆಯಲ್ಲ. ಮಾತು, ಊಟ, ಓಡಾಟ ಎಲ್ಲವೂ ಪಟಪಟ. ನಿಧಾನವಿದ್ದದ್ದು ಅವಳ ಕಂಪ್ಯೂಟರು. ರೋಗಿಗಳ ನಡಿಗೆಯನ್ನು ಕ್ಯಾಮೆರಾದಲ್ಲಿ ಹಿಡಿದು, ಮೊಣಕಾಲು ಎಷ್ಟು ಬಾಗಿತೆಂದು ಲೆಕ್ಕ ಹಾಕುವ ಪ್ರೋಗ್ರಾಂ ಅವಳೇ ಬರೆದದ್ದು. ಲೆಕ್ಕ ಕರಾರುವಾಕ್ಕು. ಪರದೆಯ ಮೇಲಿನ ವಿಡಿಯೋ ಮಾತ್ರ ತಡೆತಡೆದು ಕುಂಟುತ್ತಿತ್ತು. "ಲೆಕ್ಕ ಸರಿಯಿದ್ರೆ ಸಾಕು, ಇಲ್ಲೇನು ಸಿನಿಮಾ ತೋರ್ಸೋಕೆ ಕೂತಿದೀವಾ?" ಎಂದು ಅವಳೂ ನಗುತ್ತಿದ್ದಳು.

ಆ ನಗು ನಿಂತದ್ದು ಅವಳ ಬೀದಿಯ ದರ್ಜಿ ಮಾವನಿಂದ. ಮುರಿದಿದ್ದ ಕಾಲು ಕೂಡಿತ್ತು, ಊರುಗೋಲು ಬಿಡಬಹುದೆಂದು ಡಾಕ್ಟರೂ ಹೇಳಿದ್ದರು. ಮಾವ ಕೋಣೆಯುದ್ದಕ್ಕೂ ಚೆನ್ನಾಗಿಯೇ ನಡೆದರು. ಆಮೇಲೆ ಪರದೆ ನೋಡಿ ಮುಖ ಸಪ್ಪೆ ಮಾಡಿಕೊಂಡರು.

"ನಾನು ಹಿಂಗಾ ನಡೀತಿರೋದು? ಅಂಗಡಿಗೆ ಹೋದ್ರೆ ಜನ ಆಡ್ಕೊಂಡು ನಗ್ತಾರೆ."

"ಅಯ್ಯೋ, ಕುಂಟ್ತಿರೋದು ನೀವಲ್ಲ ಮಾವ, ಕಂಪ್ಯೂಟರು!"

"ಸಮಾಧಾನಕ್ಕೆ ಹೇಳ್ಬೇಡಮ್ಮ. ಕಣ್ಣಾರೆ ಕಂಡೆನಲ್ಲ."

ಊರುಗೋಲು ಊರಿಕೊಂಡು ಹೊರಟೇಬಿಟ್ಟರು. ಜೊತೆಗೆ ಬಂದಿದ್ದ ಅವರ ಹೆಂಡತಿ ಬಾಗಿಲಲ್ಲಿ ತಿರುಗಿ ಮೆಲ್ಲಗೆ ಹೇಳಿದರು: "ನಾಳೆ ಹೇಗಾದ್ರೂ ಕರ್ಕೊಂಡ್ಬರ್ತೀನಿ. ಆಗ್ಲೂ ಧೈರ್ಯ ಬರ್ಲಿಲ್ಲ ಅಂದ್ರೆ ಇವ್ರು ಇನ್ನು ಮನೆ ಹೊಸಿಲು ದಾಟಲ್ಲ."

ಆಮೆಯಕ್ಕ ಊಟದ ಡಬ್ಬಿ ಪಕ್ಕಕ್ಕಿಟ್ಟು ಪ್ರೋಗ್ರಾಂ ತೆರೆದಳು. ತಪ್ಪು ಕಣ್ಣೆದುರೇ ಇತ್ತು. ಒಂದೊಂದು ಚಿತ್ರ ತೋರಿಸುವಾಗಲೂ ಅದು ಹಳೆಯ ಚೌಕಟ್ಟನ್ನು ಕಿತ್ತೆಸೆದು, ಹೊಸದನ್ನು ಎಳೆದು, ಅಂಚಿಗೆ ಅಂಕಿ ಬರೆದು, ಆಮೇಲೆ ಚಿತ್ರ ಕೂರಿಸುತ್ತಿತ್ತು. ಕ್ಯಾಲೆಂಡರಿನ ಹಾಳೆ ಮಗುಚಲು ಗೋಡೆಯನ್ನೇ ಕೆಡವಿ ಕಟ್ಟಿದ ಹಾಗೆ! "ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದು ಹಣೆ ಚಚ್ಚಿಕೊಂಡಳು. ಚೌಕಟ್ಟನ್ನು ಒಮ್ಮೆ ಮಾತ್ರ ಹಾಕಿ, ಒಳಗಿನ ಚಿತ್ರವಷ್ಟೇ ಬದಲಾಗುವಂತೆ ತಿದ್ದಿದಳು.

ಮರುದಿನ ಮಾವ ಒಲ್ಲದ ಮನಸ್ಸಿನಿಂದ ಬಂದು, ಊರುಗೋಲು ಮೂಲೆಗಿಟ್ಟು ನಡೆದರು. ಆಮೆಯಕ್ಕ ಗುಂಡಿ ಒತ್ತಿದಳು. ಪರದೆಯ ಮೇಲೆ ಮಾವ ಬೆನ್ನಿಗೆ ಹುಚ್ಚುನಾಯಿ ಬಿದ್ದವರ ಹಾಗೆ ಓಡಿದರು! ಕ್ಯಾಮೆರಾದ ವೇಗಕ್ಕೆ ಸರಿಯಾಗಿ ಒಂದೊಂದು ಚಿತ್ರವನ್ನೂ ತುಸು ತಡೆದು ತೋರಿಸಬೇಕೆಂಬುದೇ ಅವಳಿಗೆ ಹೊಳೆದಿರಲಿಲ್ಲ. ಹಿಂದೆ ಚೌಕಟ್ಟು ಎಳೆಯುವುದರಲ್ಲೇ ಬೇಕಾದಷ್ಟು ತಡವಾಗುತ್ತಿದ್ದುದರಿಂದ ಆ ಅಗತ್ಯವೇ ಬಿದ್ದಿರಲಿಲ್ಲವಲ್ಲ.

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ನಗಲಿಲ್ಲ. "ಅಂದ್ರೆ ನಿನ್ನೆದೂ ಸುಳ್ಳಾ?"

"ನಿನ್ನೆ ತೂಕಡಿಸ್ತಿತ್ತು, ಇವತ್ತು ದೆವ್ವ ಹಿಡಿದಿದೆ. ಒಂದ್ನಿಮಿಷ ಇರಿ ಮಾವ."

ಒಂದು ಸಾಲು ಸೇರಿಸಿ ಮತ್ತೆ ಹಾಕಿದಳು. ಈ ಸಲ ಒಬ್ಬ ಮನುಷ್ಯ ತುಸು ಎಚ್ಚರದಿಂದ, ಆದರೆ ನೆಟ್ಟಗೆ ನಡೆದುಹೋದ. ಮಾವ ಅದನ್ನೇ ಮತ್ತೊಮ್ಮೆ ಹಾಕಿಸಿದರು. "ನಾನೇ ಕಣೇ ಇದು" ಎಂದರು ಹೆಂಡತಿಗೆ.

ಅವರು ಹೋದ ಮೇಲೆ ಆಮೆಯಕ್ಕ ನೋಡುತ್ತಾಳೆ, ಊರುಗೋಲು ಮೂಲೆಯಲ್ಲೇ ಇದೆ. ಎತ್ತಿಕೊಂಡು ಗೇಟಿನವರೆಗೂ ಓಡಿದಳು. "ಮಾವಾ, ಮರೆತ್ರಿ!"

ಮಾವ ತಿರುಗದೆ ನಡೆಯುತ್ತಲೇ ಕೂಗಿ ಹೇಳಿದರು: "ನಿನ್ನ ಕಂಪ್ಯೂಟರಿಗೇ ಇಟ್ಕೊಳಮ್ಮ. ಮತ್ತೆ ಕುಂಟಿದ್ರೆ ಬೇಕಾಗತ್ತೆ!"