ಚಿತ್ತಾಕುಲದ ತಾಂಡೇಲ್, ಕೇಣಿಯ ಹರಿಕಂತ್ರ

ದಮಯಂತಿ ತಾಂಡೇಲ್ ಇಸ್ವಣ ಮೀನಿನ ತಲೆ ಬೇರ್ಪಡಿಸಿ, ಕತ್ತಿಯನ್ನು ನೀರಿಗೆ ಅದ್ದಿ, ಎದುರಿನ ಗಿರಾಕಿಯನ್ನು ಕೇಳಿದರು: "ನೀವು ಅಂಕೋಲೆ ಬದಿಯವ್ರಾ? ಕೇಣಿಯ ತಿಮ್ಮು ಹರಿಕಂತ್ರ ಅಂತ, ಗುರ್ತ ಉಂಟಾ?"

"ಮೀನಿಗೆ ಬಂದ್ರೆ ನೆಂಟಸ್ತನ ಕೇಳ್ತೀಯಲ್ಲೇ ಬಾಯಿ! ಮಗಳಿಗೆ ಗಂಡು ನೋಡ್ತಾ ಇದ್ಯಾ?"

"ಗಂಡಲ್ಲ, ಅಜ್ಜನ್ನ ಹುಡುಕ್ತಾ ಇದ್ದೆ."

ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಅದು 2006ರ ಜೂನ್ ಮೊದಲ ವಾರ. ಮಗಳು ದೀಪಾಳಿಗೆ ನರ್ಸಿಂಗ್ ಸೀಟು ಸಿಗುವಂತಿತ್ತು. ತಿಂಗಳ ಕೊನೆಯೊಳಗೆ ಜಾತಿ ಪ್ರಮಾಣಪತ್ರ ಕೊಡದಿದ್ದರೆ ಅದು ಮುಂದಿನವರ ಪಾಲು.

ಚಿತ್ತಾಕುಲದ ಅವರ ಮನೆಯ ಕಾಗದಗಳಲ್ಲೆಲ್ಲ ಇರುವುದು ತಾಂಡೇಲ್ ಎಂಬ ಅಡ್ಡಹೆಸರು. ತಾಂಡೇಲ್ ಎಂದರೆ ದೋಣಿಯ ಮುಂದಾಳು. ದಮಯಂತಿಯ ಮಾವ ಕುಪ್ಪ ಕೇಣಿಯಿಂದ ಬಂದು ಇಲ್ಲಿ ದೋಣಿ ನಡೆಸುತ್ತಿದ್ದರು. ಅವರ ಮಗ ಕಾಶಿಯನ್ನು ಶಾಲೆಗೆ ಸೇರಿಸಿದಾಗ ಮಾಸ್ತರರು ಆ ಕೆಲಸವನ್ನೇ ಅಡ್ಡಹೆಸರು ಮಾಡಿದರು. ಕೇಣಿಯಲ್ಲುಳಿದ ದಾಯಾದಿಗಳು ಜಾತಿಯ ಹೆಸರಾದ ಹರಿಕಂತ್ರ ಎಂದೇ ಬರೆದುಕೊಂಡರು. ಕುಪ್ಪ ಈಗಿಲ್ಲ; ದಮಯಂತಿಯ ಗಂಡ ಕಾಶಿ ತೀರಿಕೊಂಡೂ ನಾಲ್ಕು ವರ್ಷವಾಗಿದೆ.

"ತಾಂಡೇಲ್ ಕೆಲಸದ ಹೆಸ್ರು ಬಾಯಿ. ನಾಲ್ಕು ಜಾತೀಲಿ ತಾಂಡೇಲರಿದ್ದಾರೆ," ಎಂದಿದ್ದರು ತಹಶೀಲ್ದಾರ ಕಚೇರಿಯ ಗುಮಾಸ್ತರು. "ಕೇಣಿಯವ್ರೂ ನೀವೂ ಒಂದೇ ಮನೆತನ ಅಂತ ಹಳೇ ಬರಹ ಏನಾದ್ರೂ ತನ್ನಿ."

ದಮಯಂತಿ ತಮ್ಮ ಮದುವೆಯ ಆಮಂತ್ರಣ ಕಾಗದ ಒಯ್ದಿದ್ದರು. ಅದರಲ್ಲಿ ತಿಮ್ಮು ಹರಿಕಂತ್ರರ ಹೆಸರೂ ಅಚ್ಚಾಗಿತ್ತು. ಗುಮಾಸ್ತರು ಅದನ್ನು ಮಡಚಿ ಹಿಂದಕ್ಕೆ ಕೊಟ್ಟರು: ಮದುವೆ ಕಾಗದದಲ್ಲಿ ಊರವರೆಲ್ಲ ಇರುತ್ತಾರೆ.

ಗಿರಾಕಿಗೆ ತಿಮ್ಮುವಿನ ಮನೆ ಗೊತ್ತಿತ್ತು. ಮರುದಿನ ದಮಯಂತಿ ಬುಟ್ಟಿಯನ್ನು ಪಕ್ಕದ ಗಂಗೂಗೆ ಒಪ್ಪಿಸಿ ಅಂಕೋಲೆಯ ಬಸ್ಸು ಹತ್ತಿದರು.

ಎಪ್ಪತ್ತೆಂಟರ ತಿಮ್ಮು ಬಲೆ ಹೆಣೆಯುತ್ತಿದ್ದರು. ಕುಪ್ಪ ಅವರ ಚಿಕ್ಕಪ್ಪನ ಮಗ. ಎಲ್ಲ ಕೇಳಿಸಿಕೊಂಡು ಹೇಳಿದರು: "ಮದ್ವಿಗೆ ಯಾರೂ ಬರ್ತ್ರು ಮಗಾ. ಸೂತಕ ಯಾರು ಹಿಡೀತ್ರು, ಅದು ನೋಡ್ಬೇಕು."

ಒಳಗಿನಿಂದ ರಂಪಣಿಯ ಹಾಜರಿ ಪುಸ್ತಕ ಬಂತು. ರಂಪಣಿ ದಡದಿಂದ ಎಳೆಯುವ ದೊಡ್ಡ ಬಲೆ. ಎಂಬತ್ತು ಜನ ಕೈ ಹಾಕಬೇಕು, ಹಾಜರಿದ್ದವರಿಗೆ ಮೀನಿನ ಪಾಲು. ಸಾವಿನ ಸೂತಕದವರು ಹತ್ತು ದಿನ ಬಲೆ ಮುಟ್ಟುವಂತಿರಲಿಲ್ಲ. ಆದರೆ ಅವರ ಪಾಲು ತಪ್ಪುತ್ತಿರಲಿಲ್ಲವಾದ್ದರಿಂದ ಬಾರದ ಕಾರಣವನ್ನು ಬರೆದಿಡುತ್ತಿದ್ದರು. 1974ರ ನವೆಂಬರ್ 12ರಂದು ತಿಮ್ಮುವಿನ ತಂದೆ ಸೋಮ ಸತ್ತಾಗ, ಆರು ಹೆಸರುಗಳ ಮುಂದೆ ಹತ್ತು ದಿನ 'ಸೂತಕ' ಎಂದಿತ್ತು.

"ನಿನ್ನ ಮಾವ ಅಲ್ಲೇ ಹಿಡ್ದಿರ್ಬೇಕು. ಇದ್ನ ತಕಂಡು ಹೋಗಿ ನಿಮ್ಮೂರ ಪುಸ್ತಕ ನೋಡು."

ಚಿತ್ತಾಕುಲದ ರಂಪಣಿ ನಿಂತು ವರ್ಷಗಳಾಗಿದ್ದವು. ಹಾಜರಿ ಬರೆಯುತ್ತಿದ್ದವರ ಮಗ ದತ್ತಾ ಅಟ್ಟ ಹತ್ತಿ, ಕೆಮ್ಮುತ್ತ ಮೂರು ಪುಸ್ತಕ ಇಳಿಸಿದರು. ಬರಹ ಮರಾಠಿಯದು. ದತ್ತಾ 1974ರ ನವೆಂಬರ್ ಪುಟದ ಮೇಲೆ ಬೆರಳಿಟ್ಟು ಓದಿದರು: "ಕುಪ್ಪ ತಾಂಡೇಲ್, ಸುತಕ, ಕೇಣಿ. ಹದಿಮೂರನೇ ತಾರೀಕಿಂದ ಇಪ್ಪತ್ತೊಂದು."

"ಒಂದಿನ ಕಮ್ಮಿ ಆಯ್ತಲ್ಲ?" ದಮಯಂತಿಯ ದನಿ ಇಳಿಯಿತು.

"ಸುದ್ದಿ ಬಸ್ಸಲ್ಲಿ ಬರ್ಬೇಕಲ್ಲೇ ಮಾರಾಯ್ತಿ! ಆಗ ಫೋನ್ ಎಲ್ಲಿತ್ತು? ಎರಡೂ ಕಡೆ ಮುಗ್ದದ್ದು ಒಂದೇ ದಿನ, ನೋಡು."

ಎರಡೂ ಊರಿನ ಪುಸ್ತಕಗಳನ್ನು ಗುಮಾಸ್ತರು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ತಾರೀಕು ಹೋಲಿಸಿ, ಸ್ಥಳ ತನಿಖೆಗೆ ಬರೆದರು. ಆ ವಾರವೇ ಗ್ರಾಮ ಲೆಕ್ಕಿಗರು ಚಿತ್ತಾಕುಲಕ್ಕೆ ಬಂದು ಪಂಚನಾಮೆ ಬರೆದರು. ಸಾಕ್ಷಿ ಹಾಕಲು ಬಂದ ತಿಮ್ಮು ಹೊರಡುವಾಗ ಹೇಳಿದರು: "ನಾ ಸತ್ರೆ ಹತ್ತು ದಿನ ನೀನು ಮೀನು ಮುಟ್ಟೂಕಿಲ್ಲ, ನೆನಪಿರ್ಲಿ."

"ಹಾಗಾರೆ ಮಳೆಗಾಲದಲ್ಲೇ ಹೋಗಿ ಮಾವಾ, ಬಂದರು ಬಂದ್ ಇರ್ತದೆ."

ಪ್ರಮಾಣಪತ್ರ ಜೂನ್ 27ರಂದು ಕೈಸೇರಿತು. ಅದರಲ್ಲಿ ಹೆಸರು ದೀಪಾ ಕಾಶಿ ತಾಂಡೇಲ್, ಜಾತಿ ಹರಿಕಂತ್ರ. ನರ್ಸಿಂಗ್ ತರಗತಿ ಆಗಸ್ಟ್ ಏಳರಂದು ಶುರುವಾಗುತ್ತದೆ.