ಅರಿಶಿನದ ಮುಖದ ಮೇಲೆ ಕೆಂಪು

ಕೋವಿಡ್ ಮಾಸ್ಕುಗಳು ಮುಖದಿಂದ ಕಳಚಿ ಪಾರ್ಲರುಗಳಿಗೆ ಮತ್ತೆ ಜೀವ ಬಂದ ವರ್ಷ ಅದು. ವಿಜಯವಾಡದ ಗವರ್ನರ್‌ಪೇಟೆಯಲ್ಲಿ ನನ್ನದೊಂದು ಪಾರ್ಲರ್ ಇದೆ. ನಾನು ಗದಗಿನವಳು. ನೌಕಾದಳದಲ್ಲಿದ್ದ ಗಂಡನ ಜೊತೆ ವಿಶಾಖಪಟ್ಟಣಕ್ಕೆ ಬಂದು ಅಲ್ಲಿಯೇ ಮೇಕಪ್ ಕಲಿತೆ; ಅವರು ನಿವೃತ್ತರಾದ ಮೇಲೆ ಇಲ್ಲಿ ನೆಲೆಸಿದೆವು. ಕೆಲಸಕ್ಕೆ ಹೋಗುವ ಹುಡುಗಿಯರಿಗೆ ದಿನನಿತ್ಯದ ಮೇಕಪ್ ಕಲಿಸುವುದೂ ನನ್ನ ಉದ್ಯೋಗ. ಕೈಮೇಲೆ ಬಣ್ಣ ನೋಡಿ ಮುಖಕ್ಕೆ ಫೌಂಡೇಶನ್ ಕೊಳ್ಳುತ್ತಾರೆ, ಬೆವರಿನ ಮೇಲೆಯೇ ಪೌಡರ್ ಬಡಿಯುತ್ತಾರೆ, ಗೆಳತಿಯ ಕಾಡಿಗೆಯನ್ನು ತಮ್ಮ ಕಣ್ಣಿಗೆ ತೀಡುತ್ತಾರೆ. ಬೈದೂ ಬೈದೂ ನನಗೆ ಸಾಕಾಗಿತ್ತು. ಆದರೆ ಸಿರೀಷಾ ಮಾಡಿದಂಥ ತಪ್ಪನ್ನು ಅದುವರೆಗೆ ಕಂಡಿರಲಿಲ್ಲ.

ಸಿರೀಷಾ ಬೆಂಜ್ ಸರ್ಕಲ್‌ನ ಒಂದು ಷೋರೂಮಿನಲ್ಲಿ ಕೆಲಸಕ್ಕಿದ್ದ, ನನ್ನ ಪಾರ್ಲರಿಗೆ ಬರುತ್ತಿದ್ದ ತೆಲುಗು ಹುಡುಗಿ. ವಿಶಾಖಪಟ್ಟಣದಲ್ಲಿ ನೌಕಾದಳದಲ್ಲಿದ್ದ ಹುಬ್ಬಳ್ಳಿಯ ಹುಡುಗನನ್ನು ಮೆಚ್ಚಿದ್ದಳು. ಎರಡೂ ಮನೆಯವರನ್ನು ಒಪ್ಪಿಸುವಷ್ಟರಲ್ಲಿ ಇಬ್ಬರಿಗೂ ಸಾಕುಬೇಕಾಗಿತ್ತು. ಮದುವೆಯ ಹಿಂದಿನ ದಿನ ಬೆಳಿಗ್ಗೆ ಅವಳ ಮನೆಯಲ್ಲಿ ಅರಿಶಿನ ಶಾಸ್ತ್ರ. ಹಚ್ಚಿದ ಅರಿಶಿನವನ್ನು ಬಟ್ಟೆಯಿಂದ ಒರೆಸಬಹುದು, ಮುಹೂರ್ತದವರೆಗೆ ಪೂರ್ತಿ ತೊಳೆಯಬಾರದು ಎನ್ನುವುದು ಅವರ ಮನೆಯ ಪದ್ಧತಿ. ಅದು ಮುಗಿದ ಮೇಲೆ ಫೋಟೋಗೆ ತಕ್ಕಂತೆ ಹಗುರ ಮೇಕಪ್ ಮಾಡಲು ನನ್ನನ್ನು ಕರೆಸಿದ್ದರು.

ನಾನು ಹೋದಾಗ ಹುಡುಗನ ಕಡೆಯವರು ಸೀರೆಯ ತಟ್ಟೆ ಹಿಡಿದು ಹಜಾರದಲ್ಲಿ ಕೂತಿದ್ದರು. ಒಳಕೋಣೆಯಲ್ಲಿ ಸಿರೀಷಾ ಅಳುತ್ತಾ ಕೂತಿದ್ದಳು. ಎರಡೂ ಹುಬ್ಬುಗಳ ಸುತ್ತ ಕಡುಗೆಂಪು. ಅದು ಬೆವರಿನೊಡನೆ ಕಪೋಲದವರೆಗೂ ಇಳಿದಿತ್ತು.

ಅವಳ ತಾಯಿ ನನ್ನ ಕೈ ಹಿಡಿದು ತೆಲುಗಿನಲ್ಲಿ ಗೋಗರೆದರು. “ಅವರು ಒಳಗೆ ಬರುವಷ್ಟರಲ್ಲಿ ದಪ್ಪಗೆ ಫೌಂಡೇಶನ್ ಹಚ್ಚಿಬಿಡಿ ಅಮ್ಮಾ, ಕಾಣಬಾರದು!”

“ಏನೆಂದು ತಿಳಿಯದೆ ಹಚ್ಚುವುದಿಲ್ಲ,” ಎಂದೆ. ಅದು ಸುಟ್ಟ ಚರ್ಮವಾಗಿದ್ದರೆ? ಅದರ ಮೇಲೆ ಇನ್ನೊಂದು ಲೇಪ ಹಾಕಿ ಮುಖ ಹಾಳು ಮಾಡಲೇ?

ಅಷ್ಟರಲ್ಲಿ ಹುಡುಗನ ಸೋದರತ್ತೆ ಬಾಗಿಲಲ್ಲಿ ನಿಂತಾಗಿತ್ತು. ಒಂದೇ ನೋಟ. ತಿರುಗಿ ಹುಡುಗನ ತಾಯಿಗೆ ಕನ್ನಡದಲ್ಲಿ ಪಿಸುಗುಟ್ಟಿದರು: “ವೈನಿ, ಹುಡುಗಿಗೆ ಏನೋ ಚರ್ಮದ ರೋಗ ಐತ್ರಿ. ಮುಚ್ಚಿಟ್ಟು ಮದುವಿ ಮಾಡಾಕ ಹತ್ಯಾರ. ತಟ್ಟಿ ಎತ್ರಿ, ನಡೀರಿ ಹೋಗೂಣು.”

ಇಲ್ಲಿ ಯಾರಿಗೂ ಕನ್ನಡ ಬರುವುದಿಲ್ಲವೆಂದೇ ಆಕೆಯ ಧೈರ್ಯ. ನನಗೋ ಮೈಯೆಲ್ಲ ಉರಿದುಹೋಯಿತು. “ಸ್ವಲ್ಪ ತಡೀರಿ ಅಕ್ಕಾರ, ನಾನೂ ನಿಮ್ಮ ಕಡೀಯಾಕಿನ. ಒಳಗ ಬಂದು ಕಣ್ಣಾರೆ ನೋಡ್ರಿ,” ಎಂದೆ. ಆಕೆಯ ಮುಖ ಕಪ್ಪಿಟ್ಟಿತು. ಹಾಗೆ ಕರೆದುಬಿಟ್ಟೆನೇ ಹೊರತು, ಅದು ಏನೆಂದು ನನಗೂ ಗೊತ್ತಿರಲಿಲ್ಲ. ನಿಜಕ್ಕೂ ರೋಗವೇ ಆಗಿದ್ದರೆ ಈ ಮದುವೆ ಮುರಿಯಲು ನಾನೇ ಸಾಕ್ಷಿ ಒದಗಿಸಿದಂತಾಗುತ್ತಿತ್ತು.

ಸಿರೀಷಾಳ ಎದುರು ಕೂತೆ. ಉರಿ ಇದೆಯಾ? ಇಲ್ಲ. ತುರಿಕೆ? ಇಲ್ಲ. ಊತವೂ ಇರಲಿಲ್ಲ. ಒದ್ದೆ ಹತ್ತಿಯಿಂದ ಹುಬ್ಬಿನ ಮೇಲೆ ಮೆಲ್ಲಗೆ ಒತ್ತಿದೆ. ಹತ್ತಿ ಕೆಂಪಾಯಿತು. ಚರ್ಮದೊಳಗಿನ ಕೆಂಪು ಹತ್ತಿಗೆ ಅಂಟುವುದಿಲ್ಲ. ನನಗೆ ಅರ್ಧ ಉಸಿರು ಬಂತು.

“ಅರಿಶಿನದ ಮೇಲೆ ಏನು ಹಚ್ಚಿದೆ? ನಿಜ ಹೇಳು.”

ಅವಳು ಅಳುತ್ತಲೇ ಹೇಳಿದಳು, “ಸೋಪು, ಅಕ್ಕಾ. ದಿನಾ ಡ್ಯೂಟಿಗೆ ಹೋಗುವಾಗ ಹಚ್ಚುತ್ತೇನಲ್ಲ, ಹಾಗೇ. ಈ ತೆಳು ಹುಬ್ಬು ಕಂಡರೆ ಅವರು ಏನಂದಾರೋ ಎಂದು ಹೆದರಿದೆ.”

ಇದನ್ನು ನಮ್ಮಲ್ಲಿ ಸೋಪ್ ಬ್ರೋ ಎನ್ನುತ್ತಾರೆ. ಒದ್ದೆ ಬ್ರಷ್ಷನ್ನು ಸೋಪಿಗೆ ಉಜ್ಜಿ ಹುಬ್ಬಿನ ಕೂದಲನ್ನು ಮೇಲಕ್ಕೆ ಬಾಚಿದರೆ ತೆಳು ಹುಬ್ಬೂ ದಟ್ಟವಾಗಿ ಕಾಣುತ್ತದೆ. ಬರಿ ಮುಖಕ್ಕೆ ನಡೆಯುತ್ತದೆ. ಆದರೆ ಸ್ನಾನದ ಸೋಪಿನಲ್ಲಿ ಕ್ಷಾರ ಇರುತ್ತದೆ, ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುತ್ತದೆ.

ನಾನು ಒಂದು ನಿಂಬೆಹೋಳು ತರಿಸಿ, ಆ ಕೆಂಪು ಹತ್ತಿಯ ಮೇಲೆ ಸೋದರತ್ತೆಯ ಕಣ್ಣೆದುರೇ ಹಿಂಡಿದೆ. ಹತ್ತಿ ಮತ್ತೆ ಹಳದಿಯಾಯಿತು. “ಸಾರಿನ ಕಲೀಗೆ ಸೋಪ್ ಹಚ್ಚಿದ್ರ ಸೀರಿ ಕೆಂಪಗ ಆಗೂದಿಲ್ಲೇನ್ರಿ? ಅಷ್ಟ ಇದು,” ಎಂದೆ.

ಆಕೆ ಹತ್ತಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಹೌದಲ್ಲ! ಇಷ್ಟಕ್ಕ ಎಷ್ಟ್ ಗಾಬರಿ ಆದ್ವಿ,” ಎಂದು ನಕ್ಕರು. ಕಣ್ಣಿನ ಹತ್ತಿರ ನಿಂಬೆ ಸಲ್ಲದು. ಬರೀ ನೀರಿನಿಂದಲೇ ಹುಬ್ಬುಗಳನ್ನು ಮತ್ತೆ ಮತ್ತೆ ಒರೆಸಿದೆ. ಕೆಂಪು ಹೋಗಿ ಹಳದಿ ಬಂತು. ಅವಳ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಗಿಯಿತು ಎಂದುಕೊಂಡೆ.

ಸಿರೀಷಾ ಮಾತ್ರ ನಗಲಿಲ್ಲ. “ಅವರು ಬಾಗಿಲಲ್ಲಿ ಏನು ಹೇಳಿದರು ಅಕ್ಕಾ?” ಎಂದಳು. ನಾನು ಮುಚ್ಚಿಡಲಿಲ್ಲ. ಕೇಳಿಸಿಕೊಂಡು ಹೇಳಿದಳು: “ಅವರನ್ನು ಕೇಳಿ, ಇದು ನಿಜವಾಗಿ ರೋಗವೇ ಆಗಿದ್ದರೆ ಎದ್ದು ಹೋಗುತ್ತಿದ್ದರಾ?”

ಅದನ್ನೂ ಇದ್ದಂತೆಯೇ ಕನ್ನಡದಲ್ಲಿ ಹೇಳಿದೆ. ಹುಡುಗನ ತಾಯಿ ಬಾಗಿಲು ದಾಟಿ ಹತ್ತಿರ ಬಂದು ಸಿರೀಷಾಳ ಒದ್ದೆ ಹಣೆಗೆ ಕೈಯಿಟ್ಟರು. “ಹೋಗತಿದ್ದೆನೋ ಏನೋ, ಗೊತ್ತಿಲ್ಲವ್ವಾ. ನಾನೂ ಎದ್ದು ನಿಂತಿದ್ದೆ, ಸುಳ್ಳು ಹೇಳಂಗಿಲ್ಲ. ಹೋಗಿದ್ರ ಮಾತ್ರ ನನ್ನ ಮಗಗ ಮಾರಿ ತೋರಿಸಾಕ ಆಗತಿರಲಿಲ್ಲ.”

ಅದನ್ನು ತೆಲುಗಿನಲ್ಲಿ ಹೇಳಿದೆ. ಸಿರೀಷಾ ಹಣೆಯ ಮೇಲಿದ್ದ ಆ ಕೈಯನ್ನು ಹಿಡಿದುಕೊಂಡಳು. ಅವತ್ತು ನನಗೆ ಮೇಕಪ್ ಮಾಡಲು ಬಿಡಲಿಲ್ಲ. ಫೋಟೋಗಳಲ್ಲೆಲ್ಲ ಅದೇ ತೆಳು ಹುಬ್ಬು, ಅದೇ ಅರಿಶಿನದ ಮುಖ.

ಮುಖದ ಮೇಲೆ ಈಗಾಗಲೇ ಏನಿದೆ ಎಂದು ಕೇಳದೆ ಹೊಸದೇನನ್ನೂ ಹಚ್ಚಬಾರದು ಎಂದು ನಾನು ಮೊದಲಿನಿಂದಲೂ ಕಲಿಸುತ್ತಿದ್ದೆ. ಯಾರಿಗೆ ಹೆದರಿ ಹಚ್ಚಿದೆ ಎಂದು ಕೇಳುವುದನ್ನು ಆ ದಿನದ ನಂತರ ಕಲಿತೆ. ಎಷ್ಟೋ ಹುಡುಗಿಯರು ಆ ಪ್ರಶ್ನೆಗೆ ಉತ್ತರ ಕೊಡುತ್ತಾ ಕೊಡುತ್ತಾ ಕುರ್ಚಿಯಲ್ಲೇ ಅತ್ತಿದ್ದಾರೆ. ನಾನು ಬ್ರಷ್ ಕೆಳಗಿಟ್ಟು ಕಾಯುತ್ತೇನೆ.