ಬೈ ಹೇಳದೆ ಏಳಬಾರದು

ಆಪಾ ಅವರ ಕೀಬೋರ್ಡಿನ ಕೆಲವು ಕೀಲಿಗಳ ಮೇಲೆ ಕೆಂಪು ನೇಲ್ ಪಾಲಿಶ್‌ನ ದಪ್ಪ ಹನಿಗಳಿದ್ದವು. ಓ, ಪಿ, ಬಿ, ಆಮೇಲೆ ಎಂಟರ್. ಒಣಗಿ, ಉಬ್ಬಿ, ತೊಗರಿಕಾಳಿನ ಹಾಗೆ ಕೂತಿದ್ದ ಆ ಹನಿಗಳನ್ನು ಅವರ ಮೆಹಂದಿ ಹಚ್ಚಿದ ಬೆರಳು ಸವರಿ ಸವರಿ ಹುಡುಕಿಕೊಳ್ಳುತ್ತಿತ್ತು. ಯಾವುದೋ ಮಗುವಿನ ಕಿತಾಪತಿ ಅಂದುಕೊಂಡೆ. ಆದರೆ ಆಪಾಗೆ ಮಕ್ಕಳಿರಲಿಲ್ಲ. ಅವರು ನೇಲ್ ಪಾಲಿಶ್ ಹಚ್ಚುವವರೂ ಅಲ್ಲ. ನಮಾಜಿಗೆ ಮುಂಚೆ ಕೈ ತೊಳೆಯುವಾಗ ಉಗುರಿಗೆ ನೀರು ತಾಗಬೇಕು, ಬಣ್ಣವಿದ್ದರೆ ತಾಗುವುದಿಲ್ಲ ಎಂದು ಅವರೇ ಹೇಳುತ್ತಿದ್ದರು. ಹಾಗಾದರೆ ಮೇಜಿನ ಡ್ರಾದಲ್ಲಿ ಆ ಬಣ್ಣದ ಬಾಟಲಿ ಯಾಕಿತ್ತು?

ನನಗೆ ಹುಟ್ಟಿನಿಂದಲೇ ಒಂದು ಚಾಳಿ. ಗೊತ್ತಾಗದ ವಿಷಯ ಕಂಡರೆ ನಿದ್ದೆ ಬರುವುದಿಲ್ಲ. ಆ ಬಾಟಲಿಯ ಗುಟ್ಟು ನನಗೆ ತಿಳಿದ ದಿನ ಒಂದು ಮದುವೆಯ ಆಲ್ಬಮ್ಮು, ಅದರ ಜೊತೆಗೆ ಆಪಾ ಅವರ ಅಂಗಡಿ, ಎರಡೂ ಒಂದೇ ದಾರಕ್ಕೆ ನೇತಾಡುತ್ತಿದ್ದವು. ಅದನ್ನು ಆಮೇಲೆ ಹೇಳುತ್ತೇನೆ.

ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರದೊಂದು ಫೋಟೊ ಸ್ಟುಡಿಯೊ. ಊರೆಲ್ಲ ಭಾಯಿ ಎನ್ನುತ್ತಿದ್ದ ಅವರ ಯಜಮಾನರು ಮದುವೆಗಳಿಗೆ ಹೋಗಿ ಫೋಟೊ ತೆಗೆಯುತ್ತಿದ್ದರು. ಅಕ್ಕ ಎಂಬ ಅರ್ಥದಲ್ಲಿ ಎಲ್ಲರೂ ಆಪಾ ಎನ್ನುತ್ತಿದ್ದ ಇವರು ಅಂಗಡಿಯಲ್ಲಿ ಕೂತು ಆಲ್ಬಮ್ ಜೋಡಿಸುತ್ತಿದ್ದರು. ನಾನು ಕಂಪಲಾಪುರದವಳು. ಡಿಗ್ರಿ ಮುಗಿಸಿ, ಕಂಪ್ಯೂಟರ್ ಡಿಸೈನ್ ಕಲಿತು, ಅವರ ಪಕ್ಕದ ಕುರ್ಚಿಗೆ ಕೆಲಸಕ್ಕೆ ಸೇರಿದೆ.

ಜೋಡಿಸಿದ ಪುಟಗಳು ಪ್ರಿಂಟಾಗುವುದು ಮೈಸೂರಿನ ಲ್ಯಾಬಿನಲ್ಲಿ. ಲ್ಯಾಬಿನವರದೊಂದು ಸರ್ವರ್, ಇಲ್ಲಿಂದ ಪುಟಗಳನ್ನು ಅದರೊಳಗೆ ಹಾಕಿದರೆ ಅವರು ಅಲ್ಲಿ ತೆಗೆದುಕೊಂಡು ಪ್ರಿಂಟ್ ಹೊಡೆಯುತ್ತಾರೆ. ಎಲ್ಲ ಸ್ಟುಡಿಯೊದವರೂ ಇದಕ್ಕೆ ಒಂದು ಸಾಫ್ಟ್‌ವೇರ್ ಇಟ್ಟುಕೊಂಡಿದ್ದರು. ಎಡಗಡೆ ನಮ್ಮ ಫೋಲ್ಡರು, ಬಲಗಡೆ ಲ್ಯಾಬಿನದು. ಮೌಸಿನಲ್ಲಿ ಎಳೆದು ಆಚೆ ಹಾಕಿದರೆ ಆಯಿತು. ಆಪಾ ಮಾತ್ರ ಒಂದು ಕರೀ ಕಿಟಕಿ ತೆರೆಯುತ್ತಿದ್ದರು. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಎಫ್‌ಟಿಪಿ ಎಂದು ಹೊಡೆದು, ಓಪನ್ ಎಂದು ಹೇಳಿ, ಸರ್ವರಿನ ವಿಳಾಸ ಕೊಟ್ಟರೆ ಆ ಕಡೆಯಿಂದ ಬಿಳಿ ಅಕ್ಷರದಲ್ಲಿ ಉತ್ತರ ಬರುತ್ತಿತ್ತು. ಒಬ್ಬರು ಕೇಳುವುದು, ಇನ್ನೊಬ್ಬರು ಹೇಳುವುದು.

"ಆಪಾ, ಎಲ್ರೂ ಮೌಸಲ್ಲಿ ಎಳೀತಾರೆ. ನೀವ್ಯಾಕೆ ಹಿಂಗೆ?"

"ನಂಗೆ ಬಾಯ್ಬುಟ್ಟು ಹೇಳಿ ಮಾಡ್ಸಾದೇ ಸರಿ ಕಣಮ್ಮಿ. ಎಳೆದಾಡಾದು ನಂಗಾಗಲ್ಲ," ಎಂದು ನಕ್ಕರು. ನನಗೆ ಸಮಾಧಾನವಾಗಲಿಲ್ಲ. ಇಷ್ಟು ಸುಲಭದ ದಾರಿ ಬಿಟ್ಟು ಈ ಮಹಾತಾಯಿ ಯಾಕೆ ಕಾಡುದಾರಿ ಹಿಡಿದಿದ್ದಾರೆ ಎಂದು ದಿನವೂ ಯೋಚಿಸುತ್ತಿದ್ದೆ.

ಅವರು ನನಗೂ ಅದನ್ನೇ ಕಲಿಸಿದರು. ಮೊದಲ ಸಲ ನಾನೇ ಕೂತಾಗ ಸರ್ವರ್ ನಮ್ಮ ಹೆಸರು ಕೇಳಿತು, ಹೊಡೆದೆ. ಪಾಸ್‌ವರ್ಡ್ ಕೇಳಿತು, ಹೊಡೆದೆ. ಪರದೆಯ ಮೇಲೆ ಏನೂ ಬೀಳಲಿಲ್ಲ. ಒಂದು ಅಕ್ಷರವಿಲ್ಲ, ಚುಕ್ಕಿಯೂ ಇಲ್ಲ. ಕೀಬೋರ್ಡ್ ಕೆಟ್ಟಿತೆಂದು ಗಾಬರಿಯಾಗಿ ಕೈ ತೆಗೆದೆ.

"ಕಾಣಾಕಿಲ್ಲ ಅಂದ್ರೆ ಬಿದ್ದಿಲ್ಲ ಅಂತಲ್ಲ. ಬೆರಳಿಗೆ ಗೊತ್ತೈತಲ್ಲ, ನೀ ಹೊಡಿ," ಎಂದರು. ಹೊಡೆದೆ. ಬಾಗಿಲು ತೆರೆಯಿತು. ಅಷ್ಟು ಖುಷಿ ನನಗೆ ಡಿಗ್ರಿ ಪಾಸಾದಾಗಲೂ ಆಗಿರಲಿಲ್ಲ.

ಒಳಗೆ ಹೋದ ಮೇಲೆ ಮೊದಲು ಬಿನ್ ಎಂದು ಹೊಡೆಯಬೇಕು. ಹೋಗುತ್ತಿರುವುದು ಬರವಣಿಗೆಯಲ್ಲ, ಇದ್ದದ್ದನ್ನು ಇದ್ದ ಹಾಗೇ ಕೊಂಡೊಯ್ಯಿ ಎಂದು ಸರ್ವರ್‌ಗೆ ಹೇಳುವ ಮಾತು ಅದು. ಮರೆತರೆ ಫೋಟೊ ಹಾದಿಯಲ್ಲೇ ಕೆಟ್ಟು, ಮದುಮಗಳ ಅರ್ಧ ಮುಖ ಬೂದಿ ಬಣ್ಣದ ಪಟ್ಟಿಯಾಗಿ ಮೈಸೂರು ಸೇರುತ್ತದೆ. ಹಾಗಾಗಿ "ಬಿನ್ ಹಾಕ್ದ್ಯಾ?" ಎನ್ನುವುದು ಆಪಾ ಅವರ ಬಾಯಿಗೆ ಅಂಟಿಕೊಂಡಿತ್ತು. ಭಾಯಿ ಕ್ಯಾಮೆರಾ ಚೀಲ ಹೆಗಲಿಗೇರಿಸಿ ಮದುವೆಗೆ ಹೊರಟರೆ, ಬ್ಯಾಟರಿ ಇಟ್ಟುಕೊಂಡರಾ ಎಂದು ಕೇಳುವ ಬದಲು "ಬಿನ್ ಹಾಕಿದ್ರಾ?" ಎನ್ನುತ್ತಿದ್ದರು. ನಾನು ಬುತ್ತಿ ಬಿಚ್ಚಿ ಸಾರು ಕೊಟ್ಟರೆ ಒಂದು ತುತ್ತು ತಿಂದು, "ನಿಮ್ಮವ್ವ ಇವತ್ತು ಬಿನ್ ಹಾಕಾದೇ ಮರ್ತವ್ಳೆ," ಎನ್ನುತ್ತಿದ್ದರು. ಉಪ್ಪು ಕಮ್ಮಿ ಎಂದು ಅರ್ಥ.

ಆದರೆ ಬಿನ್‌ಗಿಂತ ದೊಡ್ಡ ನೇಮ ಬೈ. ಕೆಲಸ ಮುಗಿದ ಮೇಲೆ ಬೈ ಎಂದು ಹೊಡೆದು, ಸರ್ವರ್ ತಿರುಗಿ ಗುಡ್‌ಬೈ ಅಂದ ಮೇಲೆಯೇ ಏಳಬೇಕು. ಆ ಸರ್ವರಿನಲ್ಲಿ ಒಂದು ಸಲಕ್ಕೆ ಕೆಲವೇ ಜನಕ್ಕೆ ಜಾಗ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ತಾಲ್ಲೂಕಿನ ಸ್ಟುಡಿಯೊಗಳು ಮದುವೆ ಕಾಲದಲ್ಲಿ ಅಲ್ಲಿಗೇ ನುಗ್ಗುತ್ತಿದ್ದವು. ಕೆಲವರು ಕೆಲಸ ಮುಗಿದರೂ ಬೈ ಹೇಳದೆ, ಕಿಟಕಿ ತೆರೆದಿಟ್ಟೇ ಟೀ ಕುಡಿಯಲು ಹೋಗಿಬಿಡುತ್ತಿದ್ದರು. ಸರ್ವರ್ ಪಾಪ, ಆಸಾಮಿ ಇನ್ನೂ ಕೂತಿದ್ದಾನೆ ಎಂದೇ ತಿಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಅದೇ ಅವನನ್ನು ಎಬ್ಬಿಸುವವರೆಗೂ ಹೊರಗಿದ್ದವರಿಗೆ ಜಾಗವಿಲ್ಲ ಎಂಬ ಉತ್ತರ. ಆಗ ಆಪಾ ಫೋನ್ ಎತ್ತುತ್ತಿದ್ದರು.

"ಏನಣ್ಣಾ, ಉಂಡ ಎಲೆ ಮುಂದೆ ಕೂತೇ ಇದ್ದೀರಲ್ಲ? ಇನ್ನೊಂದು ಪಂಕ್ತಿ ನಿಂತೈತೆ. ಬೈ ಹೇಳಿ ಎದ್ದೇಳಿ."

ಕೆ.ಆರ್. ನಗರದ ಸ್ಟುಡಿಯೊದವರೊಬ್ಬರು ಈ ಬೈಗುಳವನ್ನು ಅತಿ ಹೆಚ್ಚು ತಿಂದವರು. "ಎದ್ದೆ ಕಣವ್ವ, ಎದ್ದೆ," ಎನ್ನುವ ಅವರ ಧ್ವನಿ ಫೋನಿನಾಚೆಯಿಂದ ನನಗೂ ಕೇಳುತ್ತಿತ್ತು. ಆಪಾ ಮಾತ್ರ ಸರ್ವರಿನ ಗುಡ್‌ಬೈಗೆ ಪ್ರತಿಸಲವೂ ಬಾಯಿಬಿಟ್ಟು "ಬತ್ತೀನಪ್ಪ" ಎಂದೇ ಏಳುತ್ತಿದ್ದರು. ಹೋಗುತ್ತೇನೆ ಎಂದು ಒಂದು ದಿನವೂ ಅಂದವರಲ್ಲ.

ಈಗ ಆ ಆಲ್ಬಮ್ಮಿನ ದಿನ. ಹೊಸ ಅಗ್ರಹಾರದ ಒಂದು ಮನೆಯ ಮದುವೆ. ಸಂಜೆ ಲ್ಯಾಬಿನವರು ಪ್ರಿಂಟಿಗೆ ಹಾಕುವವರಿದ್ದರು. ಬೆಳಗಿನಿಂದ ಕಾದು ಕಾದು ಆಪಾಗೆ ಸರ್ವರಿನಲ್ಲಿ ಜಾಗ ಸಿಕ್ಕಿತ್ತು. ಕರೀ ಕಿಟಕಿಯಲ್ಲಿ # ಎಂಬ ಹ್ಯಾಷ್ ಗುರುತುಗಳು ಸಾಲಾಗಿ ಬೀಳುತ್ತಿದ್ದವು. ಹ್ಯಾಷ್ ಎಂದು ಮೊದಲೇ ಹೇಳಿಟ್ಟರೆ ಪುಟ ಸ್ವಲ್ಪ ಸ್ವಲ್ಪ ಹೋದ ಹಾಗೆಲ್ಲ ಒಂದೊಂದು ಗುರುತು ಬೀಳುತ್ತದೆ. ಗದ್ದೆಯಲ್ಲಿ ಪೈರು ನೆಟ್ಟುಕೊಂಡು ಹೋದ ಹಾಗೆ ಸಾಲು ತುಂಬುವುದನ್ನು ಆಪಾ ಖುಷಿಯಿಂದ ನೋಡುತ್ತಿದ್ದರು. ನಾನು ನನ್ನ ಕಂಪ್ಯೂಟರಿನಲ್ಲಿ ಅದೇ ಪುಟಗಳನ್ನು ಸುಮ್ಮನೆ ತಿರುವುತ್ತಿದ್ದೆ.

ಧಾರೆಯ ಪುಟಕ್ಕೆ ಬಂದಾಗ ಕೈ ನಿಂತಿತು. ಭಾಯಿ ತೆಗೆದ ಮೂಲ ಫೋಟೊದ ಬಲತುದಿಯಲ್ಲಿ, ಕೋಲೂರಿಕೊಂಡು, ಮೊಮ್ಮಗಳ ಕಡೆ ಕತ್ತು ಚಾಚಿ ನಿಂತ ಒಬ್ಬ ಅಜ್ಜಿ ಇದ್ದರು. ಪುಟದಲ್ಲಿ ಅವರಿರಲಿಲ್ಲ. ಸೆರಗಿನ ಒಂದು ಚೂರು ಮಾತ್ರ ಉಳಿದಿತ್ತು. ಬೇರೆ ಪುಟಗಳನ್ನೂ ಹುಡುಕಿದೆ. ಇಡೀ ಮದುವೆಯಲ್ಲಿ ಆ ಅಜ್ಜಿ ಸಿಕ್ಕಿದ್ದೇ ಈ ಒಂದು ಫೋಟೊದಲ್ಲಿ.

"ಆಪಾ, ಈ ಅಜ್ಜೀನ ಯಾಕೆ ಕತ್ತರಿಸ್ಬುಟ್ರಿ?"

"ಯಾವ ಅಜ್ಜಿ?"

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪರದೆಯ ಮುಂದೆ ಬಂದು, ತಲೆಯನ್ನು ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸಿದರು. ಫೋಟೊ ನೋಡುವಾಗಲೆಲ್ಲ ಅವರು ಹಾಗೆ ಮಾಡುತ್ತಿದ್ದರು. ಅದು ಅವರ ರಸಿಕತೆ ಎಂದು ನಾನು ನಂಬಿದ್ದೆ. ಬಲತುದಿಗೆ ಬಂದಾಗ ತಲೆ ನಿಂತಿತು.

"ಯಾ ಅಲ್ಲಾ," ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ, ಯಾರೂ ಇಲ್ಲವೆಂದು ನನ್ನ ಬಾಯಿಂದ ಕೇಳಿಕೊಂಡು, ಮೆಲ್ಲಗೆ ಹೇಳಿದರು: "ನಂಗೆ ನಡೂಕೆ ಮಾತ್ರ ಕಾಣ್ತದೆ ಕಣಮ್ಮಿ. ಬಾವಿ ಒಳಗಿಂದ ಆಕಾಸ ನೋಡ್ದಂಗೆ. ನಮ್ಮಮ್ಮಂಗೂ ಇಂಗೇ ಆಗಿತ್ತು. ಮೌಸಿನ ಬಾಣ ಒಂದ್ಸಲ ಕಳೆದೋದ್ರೆ ನಾನು ಎಲ್ಲೀಂತ ಹುಡುಕ್ಲಿ? ಪುಟ ಜೋಡ್ಸುವಾಗಾದ್ರೆ ನಿಧಾನಕ್ಕೆ ಹುಡುಕ್ಕಬೌದು, ಸರ್ವರ್ ಕಾಯಾಕಿಲ್ಲ. ಈ ಕಿಟಕೀಲಾದ್ರೆ ಕರೀ ಮೇಲೆ ಬಿಳಿ. ಸಾಲಾದ ಮೇಲೆ ಸಾಲು. ಎಲ್ಲೂ ಓಡೋಗಲ್ಲ."

ಕರೀ ಕಿಟಕಿ, ನೇಲ್ ಪಾಲಿಶ್ ಹನಿ, ಎರಡಕ್ಕೂ ಒಟ್ಟಿಗೆ ಉತ್ತರ ಸಿಕ್ಕಿತು. ಇಷ್ಟು ದಿನ ಕಾಡಿದ ಪ್ರಶ್ನೆ ಬಿಡಿಸಿಕೊಂಡರೂ ನನಗೆ ಸಂತೋಷವಾಗಲಿಲ್ಲ.

"ಭಾಯಿಗೆ ಗೊತ್ತಾ?"

"ಕತ್ತಲಾದ್ರೆ ಕೈ ಹಿಡ್ಕಂಡು ಮನೆಗೆ ಕರ್ಕೋಗೋರು ಅವ್ರೇ ಅಲ್ವಾ? ಬೇರೆಯೋರ್ಗೆ ಗೊತ್ತಾಗ್ಬಾರ್ದು. ಕಣ್ಣು ಕಾಣ್ದೋಳು ಆಲ್ಬಮ್ ಮಾಡ್ತಾಳೆ ಅಂದ್ರೆ ಯಾರಮ್ಮಿ ಮದ್ವೆ ಕೊಡ್ತಾರೆ? ಅಂಗಡಿ ಮುಚ್ಚಾದೇಯ."

ಆ ಪುಟ ಆಗಲೇ ಮೈಸೂರು ಸೇರಿತ್ತು. ಅಜ್ಜಿಯನ್ನು ಮತ್ತೆ ಕೂರಿಸಿ, ಹೊಸ ಪುಟವನ್ನು ಅದೇ ಹೆಸರಲ್ಲಿ ಕಳಿಸಿದರೆ ಹಳೆಯದರ ಮೇಲೆ ಹೋಗಿ ಕೂರುತ್ತದೆ. ಆದರೆ ಪುಟ ಸರಿಮಾಡಲು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಸುಮ್ಮನೆ ಕೂತವರನ್ನು ಸರ್ವರ್ ತಾನೇ ಹೊರಗೆ ಹಾಕುತ್ತದೆ. ಹೊರಗೆ ಬಿದ್ದರೆ ಸಂಜೆಯೊಳಗೆ ಮತ್ತೆ ಜಾಗ ಸಿಗುವ ಆಸೆಯಿಲ್ಲ. ಲ್ಯಾಬಿಗೆ ಫೋನ್ ಮಾಡಿ ತಡೆಯೋಣವೆಂದರೆ ಆ ಗಲಾಟೆಯಲ್ಲಿ ಅಲ್ಲಿ ಯಾರೂ ಎತ್ತುತ್ತಿರಲಿಲ್ಲ.

"ನೀ ಅಜ್ಜೀನ ನೋಡ್ಕೊ. ಸೀಟು ನಾ ನೋಡ್ಕತೀನಿ," ಎಂದು ಆಪಾ ಕರೀ ಕಿಟಕಿಗೆ ಮರಳಿದರು.

ಆಮೇಲೆ ಅವರು ಮಾಡಿದ್ದನ್ನು ನಾನು ಓರೆಗಣ್ಣಲ್ಲಿ ನೋಡುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೊಮ್ಮೆ ಬೆರಳಲ್ಲಿ ಪಿ ಹನಿ ಹುಡುಕಿ ಪಿಡಬ್ಲ್ಯುಡಿ ಎಂದು ಹೊಡೆಯುತ್ತಿದ್ದರು. ರಸ್ತೆ ಮಾಡುವ ಇಲಾಖೆಯಲ್ಲ. ನಾನೀಗ ಎಲ್ಲಿದ್ದೇನೆ ಎಂದು ಸರ್ವರ್ ಅನ್ನು ಕೇಳುವ ಬಗೆ ಅದು. ಸರ್ವರ್ ಫೋಲ್ಡರಿನ ಹೆಸರು ಹೇಳುತ್ತಿತ್ತು. ತಿರುಗಿ ಕೇಳುವರು. ತಿರುಗಿ ಹೇಳುವುದು. ಮಾತಾಡುವವರನ್ನು ಅದು ಎಬ್ಬಿಸುವುದಿಲ್ಲ. ನಾನು ಫೋಟೊ ಸರಿಸಿ, ಮದುಮಕ್ಕಳನ್ನು ಸ್ವಲ್ಪ ಎಡಕ್ಕೆ ದೂಡಿ, ಅಜ್ಜಿಗೆ ಕೋಲು ಸಮೇತ ಜಾಗ ಮಾಡುವವರೆಗೂ ಆಪಾ ಬೇಸರವಿಲ್ಲದೆ ತಾವೆಲ್ಲಿದ್ದೇವೆ ಎಂದು ವಿಚಾರಿಸುತ್ತ ಕೂತರು.

"ಆಯ್ತು ಆಪಾ."

"ಕಣ್ಣು, ಕೋಲು, ಸೆರಗು?"

"ಎಲ್ಲಾ ಅವೆ."

ಅವರು ಪುಟ ಕಳಿಸಿದರು. ಹ್ಯಾಷ್ ಗುರುತುಗಳು ಓಡಿದವು, ನಿಂತವು, ಓಡಿದವು. ಕೊನೆಯ ಸಾಲು ಬಿದ್ದು, ಬಂತು ಎಂದು ಸರ್ವರ್ ಒಪ್ಪಿಕೊಂಡಾಗ ಆಪಾ ನನ್ನ ಕೈ ಹಿಡಿದುಕೊಂಡರು. ಆಮೇಲೆ ಬೈ ಹೊಡೆದು, "ಬತ್ತೀನಪ್ಪ" ಎಂದು ಎದ್ದರು.

ಆಲ್ಬಮ್ ಒಯ್ಯಲು ಬಂದವರು ಧಾರೆಯ ಪುಟ ತೆರೆದು, "ಅಗೋ, ನಮ್ಮವ್ವ!" ಎಂದು ಕೂಗಿದರು. ಆಪಾ ನನ್ನ ಕಾಲನ್ನು ಮೇಜಿನ ಕೆಳಗೆ ಮೆತ್ತಗೆ ಒದ್ದರು.

ಅಂದಿನಿಂದ "ನಡು ನಂದು, ಅಂಚು ನಿಂದು" ಎಂದು ಒಪ್ಪಂದವಾಯಿತು. ವರ್ಷ ಕಳೆದಂತೆ ನಡುವೂ ನನ್ನ ಪಾಲಿಗೇ ಬಂತು. ಎಲ್ಲ ಮದುವೆಯಲ್ಲೂ ತುದಿಯಲ್ಲಿ ನಿಂತವರನ್ನು ಮೊದಲು ಹುಡುಕುವ ಅಭ್ಯಾಸ ನನಗೆ ಬಂದದ್ದು ಹಾಗೆ. ಲ್ಯಾಬಿಗೆ ಕಳಿಸುವ ಕೆಲಸವನ್ನು ಮಾತ್ರ ಆಪಾ ಯಾರಿಗೂ ಬಿಟ್ಟುಕೊಡಲಿಲ್ಲ. ಅಕ್ಷರ ದೊಡ್ಡದು ಮಾಡಿಕೊಂಡರು, ಹನಿಗಳ ಮೇಲೆ ಹನಿ ಇಟ್ಟರು. ಕೊನೆಗೆ ಪರದೆಯನ್ನು ನಾನು ಓದಿ ಹೇಳುತ್ತಿದ್ದೆ, ಅವರು ಹೊಡೆಯುತ್ತಿದ್ದರು. ಅಂಗಡಿಗೆ ಮದುವೆಗಳು ಕಮ್ಮಿಯಾಗಲಿಲ್ಲ.

ಕಳೆದ ವರ್ಷದ ಮದುವೆ ಕಾಲದಲ್ಲಿ ನಾನು ಒಂದು ಆಲ್ಬಮ್ ಕೊಟ್ಟು ಬರಲು ಬೀಚನಹಳ್ಳಿಗೆ ಹೋಗಿದ್ದೆ. ಅಂದು ಪರದೆ ಓದಿ ಹೇಳಲು ಭಾಯಿ ಕೂತಿದ್ದರು. ವಾಪಸ್ ಬರುವಷ್ಟರಲ್ಲಿ ಅಂಗಡಿಯಲ್ಲಿ ಯಾರೂ ಇರಲಿಲ್ಲ, ಕುರ್ಚಿ ಖಾಲಿ. ಪಕ್ಕದ ಟೈಲರ್, ಆಪಾಗೆ ಎದೆನೋವು ಬಂತು, ಭಾಯಿ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು ಎಂದ. ಪರದೆಯ ಮೇಲೆ ಕರೀ ಕಿಟಕಿ ಹಾಗೇ ಇತ್ತು. ಹ್ಯಾಷ್ ಸಾಲುಗಳು ಪೂರ್ತಿಯಾಗಿದ್ದವು. ಅದರ ಕೆಳಗೆ ಬೈ. ಅದರ ಕೆಳಗೆ ಸರ್ವರಿನ ಗುಡ್‌ಬೈ. ಆಪಾ ಆಸ್ಪತ್ರೆಯಿಂದ ಮರಳಲಿಲ್ಲ.

ಭಾಯಿ ಆಮೇಲೆ ಹೇಳಿದರು: "ಆಟೋ ಬಂತು, ಏಳು ಅಂದೆ ಕಣಮ್ಮ. ಎದೆ ಮೇಲೆ ಒಂದು ಕೈ ಇಟ್ಕಂಡು, ಇನ್ನೊಂದ್ರಲ್ಲಿ ಆ ಹನಿ ತಡಕ್ತಾವ್ಳೆ. ಒಂದ್ನಿಮ್ಸ ಇರಿ, ಯಾರೋ ಕಾಯ್ತಿರ್ತಾರೆ ಅಂದ್ಲು."

ನನಗೆ ಒಂದು ಮಾತು ಹೇಳದೆ ಹೋದರಲ್ಲ ಎಂದು ಅಳು ಬಂತು. ಸರ್ವರ್‌ಗೆ ಹೇಳಿದರು, ನನಗೆ ಹೇಳಲಿಲ್ಲ ಎಂದು ಸಿಟ್ಟೂ ಬಂತು.

ಮಾತಾಡಿಸಲು ಕೆ.ಆರ್. ನಗರದ ಸ್ಟುಡಿಯೊದವರೂ ಬಂದಿದ್ದರು. ಅವರನ್ನು ನಾನು ನೋಡಿದ್ದು ಅದೇ ಮೊದಲು. "ಅವತ್ತು ನಂಗೆ ಬೆಳಗ್ಗಿಂದ ಸೀಟೇ ಸಿಕ್ಕಿರ್ಲಿಲ್ಲ ಕಣವ್ವ. ಮಧ್ಯಾಹ್ನ ತಟ್ಟಂತ ಸಿಕ್ತು. ಯಾರು ಎದ್ರು ಅಂತ ನಾನು ಯೋಚ್ನೇನೂ ಮಾಡ್ನಿಲ್ಲ," ಎಂದು ಟವೆಲಿನಲ್ಲಿ ಮುಖ ಒರೆಸಿಕೊಂಡರು. ಅದು ಆಪಾ ಎದ್ದ ಜಾಗವೇ ಹೌದೋ ಅಲ್ಲವೋ, ಈಗ ಯಾರಿಗೂ ಗೊತ್ತಾಗುವಂತಿಲ್ಲ. ನಾನು ಹೌದೆಂದೇ ಇಟ್ಟುಕೊಂಡಿದ್ದೇನೆ.

ಭಾಯಿ ಇನ್ನೂ ಮದುವೆಗಳಿಗೆ ಹೋಗುತ್ತಾರೆ. ಆಪಾ ಅವರ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ, ಕೀಬೋರ್ಡೂ ಅದೇ. ಹೋದ ವಾರ ಬಿ ಕೀಲಿಯ ಹನಿ ಸವೆದು ಉದುರಿತು. ಡ್ರಾ ತೆಗೆದು, ಅದೇ ಬಾಟಲಿಯಿಂದ ಹೊಸ ಹನಿ ಇಟ್ಟು ಒಣಗುವವರೆಗೆ ಕಾದೆ. ನನ್ನ ಕಣ್ಣಿಗೇನೂ ಆಗಿಲ್ಲ. ಬೆರಳು ಅದನ್ನು ಹುಡುಕುತ್ತದೆ, ಅಷ್ಟೆ.